ತೊಟ್ಟಿಗಿಳಿಯದ ಮನುಷ್ಯ

ಆರ್ವೊ ನಿಸ್ಕಾನೆನ್ ಮೂರನೆಯ ಸಲವೂ ತೊಟ್ಟಿಗಿಳಿಯಲು ಒಪ್ಪಲಿಲ್ಲ. ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ರೋಗಿಗಳ ಅಭ್ಯಾಸಕ್ಕೆಂದೇ ಕಟ್ಟಿದ ಸ್ನಾನದ ಕೋಣೆಯೊಂದಿತ್ತು. ಅಲ್ಲಿ ಬಿಳಿಯ ತೊಟ್ಟಿಯ ಮೇಲೆ ಅಡ್ಡಲಾಗಿ ಹಾಕಿದ್ದ ಪ್ಲಾಸ್ಟಿಕ್ ಬೆಂಚನ್ನು ಅವನು ಒಂದು ನಿಮಿಷ ನೋಡಿದ, ಗೋಡೆಗೆ ಬಿಗಿದ ಉಕ್ಕಿನ ಹಿಡಿಕೆಯನ್ನು ನೋಡಿದ, ಆಮೇಲೆ ಗಾಲಿಕುರ್ಚಿಯನ್ನು ಬಲಗೈಯಿಂದ ಬಾಗಿಲಿನತ್ತ ತಿರುಗಿಸಿಕೊಂಡು "ಬೇಡ" ಎಂದ.

ಲೋರ್ನಾ ಬೊಡ್ನಾರ್ ಅವನ ಫೈಲು ತೆರೆದು, ಸ್ನಾನ ಎಂಬ ಸಾಲಿನ ಮುಂದೆ ಆ ವಾರದಲ್ಲಿ ಮೂರನೆಯ ಬಾರಿ ಅದೇ ಮಾತನ್ನು ಬರೆದಳು: ರೋಗಿ ನಿರಾಕರಿಸಿದ್ದಾನೆ. ಈ ಸಲ ಅದರ ಕೆಳಗೆ ಇನ್ನೊಂದು ವಾಕ್ಯವನ್ನು ಸೇರಿಸಿದಳು: ತನ್ನ ಸ್ಥಿತಿಯ ಅರಿವು ರೋಗಿಗೆ ಇದ್ದಂತಿಲ್ಲ.

ಆ ವಾಕ್ಯಕ್ಕೆ ಹಿಡಿದದ್ದು ಹತ್ತು ಸೆಕೆಂಡು. ಒಬ್ಬ ಮನುಷ್ಯ ತನ್ನ ಮನೆಯಲ್ಲಿ ಬಾಳಬೇಕೋ ಪರರ ಕೋಣೆಯಲ್ಲಿ ಸಾಯಬೇಕೋ ಎಂಬುದನ್ನು ತೀರ್ಮಾನಿಸುವ ವಾಕ್ಯಗಳು ಸಾಮಾನ್ಯವಾಗಿ ಇಷ್ಟೇ ವೇಗದಲ್ಲಿ ಹುಟ್ಟುತ್ತವೆ. ಅವನ್ನು ಬರೆಯುವವರು ದುಷ್ಟರಾಗಿರಬೇಕಾಗಿಲ್ಲ. ಊಟದ ವೇಳೆ ಮೀರುತ್ತಿದೆಯೆಂದು ಗಡಿಯಾರ ನೋಡುವ ಒಳ್ಳೆಯವರು ಸಾಕು.

ಲೋರ್ನಾಳ ವೃತ್ತಿಗೆ ಆಕ್ಯುಪೇಷನಲ್ ಥೆರಪಿ ಎಂದು ಹೆಸರು. ಬಿದ್ದುಹೋದ ಕೈಕಾಲಿಗೆ ಬಲ ಬರಿಸುವುದು ಪಕ್ಕದ ಕೋಣೆಯ ಫಿಸಿಯೋಥೆರಪಿಯವರ ಹೊಣೆ. ಬಂದಷ್ಟು ಬಲದಿಂದ ಮನುಷ್ಯ ತಾನೇ ಅಂಗಿಯ ಗುಂಡಿ ಹಾಕಿಕೊಳ್ಳುವಂತೆ, ಮೊಟ್ಟೆ ಬೇಯಿಸಿಕೊಳ್ಳುವಂತೆ, ಮಿಂದು ಮೈ ಒರೆಸಿಕೊಳ್ಳುವಂತೆ ಮಾಡುವುದು ಅವಳ ಹೊಣೆ. ದಿನವೂ ಮಾಡುವ ಕೆಲಸಗಳೇ ಮನುಷ್ಯನನ್ನು ಮನುಷ್ಯನನ್ನಾಗಿ ಇಡುತ್ತವೆ ಎಂಬ ನಂಬಿಕೆಯ ಮೇಲೆ ನಿಂತ ವಿದ್ಯೆ ಅದು. ಕಾಲೇಜಿನಲ್ಲಿ ಮೊದಲ ವಾರವೇ ಹೇಳಿಕೊಟ್ಟಿದ್ದರು: ರೋಗಿಯ ಕೈಗೆ ಏನನ್ನಾದರೂ ಕೊಡುವ ಮುನ್ನ, ಅವನ ಬದುಕಿನಲ್ಲಿ ಆ ಕೈ ಏನು ಮಾಡುತ್ತಿತ್ತು ಎಂದು ಕೇಳಬೇಕು. ಆ ಪಾಠದ ಪರೀಕ್ಷೆಯಲ್ಲಿ ಲೋರ್ನಾ ತರಗತಿಗೇ ಮೊದಲಿಗಳಾಗಿದ್ದಳು. ಅದಾಗಿ ಹನ್ನೊಂದು ವರ್ಷಗಳಾಗಿದ್ದವು. ಈಗ ಅವಳ ಪಟ್ಟಿಯಲ್ಲಿ ದಿನಕ್ಕೆ ಒಂಬತ್ತು ಜನ ರೋಗಿಗಳು, ಒಬ್ಬೊಬ್ಬರಿಗೆ ನಾಲ್ಕು ಪುಟದ ಒಂದೊಂದು ಫಾರಂ.

ಆರ್ವೊನಿಗೆ ಎಪ್ಪತ್ತೆರಡು ವರ್ಷ. ಹರೆಯದಲ್ಲಿ ಕಾಡಿನಲ್ಲಿ ಮರ ಕಡಿದು, ಆಮೇಲೆ ಬಡಗಿಯಾಗಿ, ಥಂಡರ್ ಬೇ ನಗರದಿಂದ ನಲವತ್ತು ಮೈಲಿ ಆಚೆ, ಒಂದು ಸಣ್ಣ ಸರೋವರದ ದಡದಲ್ಲಿ ತಾನೇ ಕಟ್ಟಿಕೊಂಡ ಮನೆಯಲ್ಲಿದ್ದವನು. ಹೆಂಡತಿ ಆಯ್ಲಿ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ಮಾರ್ಚ್ ತಿಂಗಳಲ್ಲಿ ಪಾರ್ಶ್ವವಾಯು ಬಡಿದು ಎಡಗೈ ಎಡಗಾಲು ಸೋತಿದ್ದವು. ಎರಡು ತಿಂಗಳಲ್ಲಿ ಕಾಲು ಸಾಕಷ್ಟು ಮರಳಿತ್ತು. ವಾರ್ಡಿನಲ್ಲಿ ಊರುಗೋಲು ಹಿಡಿದು ನಡೆಯುತ್ತಿದ್ದ, ವಾರ್ಡಿನ ಹೊರಗೆ ಮಾತ್ರ ಗಾಲಿಕುರ್ಚಿ. ಆದರೆ ಎಡಗೈ ಇನ್ನೂ ಮಂದವಾಗಿತ್ತು. ಅದಕ್ಕಿಂತ ಕಷ್ಟವೆಂದರೆ ಎಡಬದಿಯ ಲೋಕವೇ ಅವನ ಗಮನದಿಂದ ಜಾರಿಹೋಗುತ್ತಿತ್ತು. ತಟ್ಟೆಯ ಎಡಭಾಗದ ಆಲೂಗಡ್ಡೆ ಹಾಗೇ ಉಳಿಯುತ್ತಿತ್ತು. ಎಡಗಡೆಯ ಬಾಗಿಲ ಚೌಕಟ್ಟಿಗೆ ಭುಜ ಬಡಿಯುತ್ತಿತ್ತು. ಹೀಗಾಗುತ್ತಿದೆ ಎಂದರೆ ಅವನು ಒಪ್ಪುತ್ತಿರಲಿಲ್ಲ. ಚೌಕಟ್ಟು ಕಿರಿದಾಗಿದೆ ಎನ್ನುತ್ತಿದ್ದ.

ಬರುವ ಮಂಗಳವಾರ ಅವನ ವಿಷಯದ ಸಭೆಯಿತ್ತು. ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಹಾಸಿಗೆಯೊಂದು ತೆರವಾಗಿತ್ತು. ಫಾರಮ್ಮಿನ ಸ್ನಾನದ ಸಾಲಿನಲ್ಲಿ ‘ಸ್ವತಃ ಮಾಡಬಲ್ಲ’ ಎಂಬ ಗುರುತು ಬೀಳದಿದ್ದರೆ ಆ ಹಾಸಿಗೆ ಆರ್ವೊನದು. ಅಲ್ಲಿಗೆ ಹೋದವರು ಮನೆಗೆ ಮರಳಿದ್ದನ್ನು ಲೋರ್ನಾ ಕಂಡಿರಲಿಲ್ಲ.

ಅಂದು ಗುರುವಾರ. ಮಧ್ಯಾಹ್ನ ಹೆಲ್ಮಿ ಬಂದಳು. ಹೆಲ್ಮಿ ಆಯ್ಲಿಯ ಅಕ್ಕ. ಆರ್ವೊನ ಮನೆಯಿಂದ ರಸ್ತೆಯಾಚೆಗೆ ಅವಳ ಮನೆ. ಎಂಬತ್ತರ ಹತ್ತಿರದ, ಗಟ್ಟಿಮುಟ್ಟಾದ ಹೆಂಗಸು. ಜಡೆಯಂತೆ ಹೆಣೆದು ಏಲಕ್ಕಿ ಹಾಕಿ ಬೇಯಿಸಿದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಆರೈಕೆ ಕೇಂದ್ರದ ಅರ್ಜಿಗೆ ಹತ್ತಿರದವರೆಂದು ಅವಳ ರುಜು ಬೇಕಾಗಬಹುದು ಎಂದು ಲೋರ್ನಾ ಮೃದುವಾಗಿ ವಿವರಿಸಿದಳು. ಎಲ್ಲ ಸರಿಯಿದೆ, ಸ್ನಾನವೊಂದೇ ತೊಡಕು, ತೊಟ್ಟಿಯ ಬಳಿ ಕರೆದೊಯ್ದರೆ ಮುಖ ತಿರುಗಿಸುತ್ತಾರೆ ಎಂದಳು.

ಹೆಲ್ಮಿ ಬ್ರೆಡ್ಡು ಕತ್ತರಿಸುವುದನ್ನು ನಿಲ್ಲಿಸಿದಳು.

"ತೊಟ್ಟೀಲಾ? ಆರ್ವೊನ್ನಾ?" ಎಂದು ಕೇಳಿ, ಹೊಟ್ಟೆ ಕುಣಿಯುವಂತೆ ನಕ್ಕಳು. "ಅವನು ಹುಟ್ಟಿದ್ದೇ ಸೌನಾದಲ್ಲಿ ಕಣಮ್ಮ. ಅವರಮ್ಮ ಅಲ್ಲೇ ಹೆತ್ತಿದ್ದು. ಅವತ್ತಿಂದ ಇವತ್ತಿನ ತನಕ ಬೇರೆ ಕಡೆ ಮಿಂದಿಲ್ಲ. ನಿಂತ ನೀರಲ್ಲಿ ತನ್ನ ಕೊಳೇನ ತಾನೇ ನೆನೆಹಾಕ್ಕೊಂಡು ಕೂರೋದನ್ನ ಅವನು ಸ್ನಾನ ಅಂತ ಕರೀತಾನಾ?"

"ಹಾಗಾದ್ರೆ ಮನೇಲಿರೋ ತೊಟ್ಟಿ?"

"ಯಾವ ತೊಟ್ಟಿ? ಅವನ ಮನೇಲಿ ತೊಟ್ಟಿ ಇದೆ ಅಂತ ನಿಂಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಲೋರ್ನಾ ತನ್ನ ಮೇಜಿಗೆ ಹೋಗಿ ಫೈಲಿನ ಎರಡನೆಯ ಪುಟ ತೆಗೆದಳು. ‘ಮನೆಯ ಸೌಲಭ್ಯಗಳು’ ಎಂಬಲ್ಲಿ, ತೊಟ್ಟಿ ಎಂಬ ಚೌಕದೊಳಗೆ, ಅವಳದೇ ನೀಲಿ ಶಾಯಿಯ ಗುರುತಿತ್ತು. ಅದನ್ನು ಹಾಕಿದ ದಿನ ಆರ್ವೊ ನಿದ್ದೆಯಲ್ಲಿದ್ದ; ಎಬ್ಬಿಸುವುದೇಕೆ, ಯಾರ ಮನೆಯಲ್ಲಿ ತೊಟ್ಟಿಯಿರುವುದಿಲ್ಲ ಎಂದುಕೊಂಡು ಹಾಕಿಬಿಟ್ಟಿದ್ದಳು. ಅವಳು ಹೊರಗಿನಿಂದ ಬಂದವಳಾಗಿದ್ದರೆ ಒಂದು ಮಾತು. ಆ ಊರಿನಲ್ಲೇ ಹುಟ್ಟಿ, ಆರ್ವೊನ ಜನರಾದ ಫಿನ್ನರ ನಡುವೆಯೇ ಬೆಳೆದವಳು. ಶನಿವಾರ ಸಂಜೆ ಸರೋವರದ ದಾರಿಯಲ್ಲಿ ಹೋದರೆ ಪ್ರತಿ ಮನೆಯ ಹಿತ್ತಿಲಿನಿಂದಲೂ ಏಳುವ ಸೌನಾದ ಹೊಗೆಯನ್ನು ಮೂವತ್ತೆಂಟು ವರ್ಷ ನೋಡಿದವಳು. ಶಾಲೆಯ ಗೆಳತಿಯರ ಮನೆಗಳಲ್ಲಿ ತಾನೂ ಆ ಮರದ ಕೋಣೆಯೊಳಗೆ ಕೂತು, ಕಾದ ಕಲ್ಲಿಗೆ ನೀರೆರಚಿ, ಆವಿಯಲ್ಲಿ ಬೆವರಿ, ಕಿರುಚುತ್ತ ತಣ್ಣೀರಿಗೆ ಓಡಿದವಳು. ಇಷ್ಟೆಲ್ಲ ಕಣ್ಣಿಗೆ ಗೊತ್ತಿದ್ದರೂ ಕೈಗೆ ಪೆನ್ನು ಬಂದೊಡನೆ ಮರೆತುಹೋಗಿತ್ತು. ಕೇಳದೆ ಹಾಕಿದ ಒಂದು ಗುರುತು ಸುಳ್ಳುಸಾಕ್ಷಿಗಿಂತ ಯಾವ ರೀತಿಯಲ್ಲಿ ಮೇಲು ಎಂದು ಅವಳು ತನ್ನನ್ನೇ ಕೇಳಿಕೊಂಡಳು. 

ಅವಳು ನೇರವಾಗಿ ಆರ್ವೊನ ಬಳಿಗೆ ಹೋಗಿ ಕುರ್ಚಿ ಎಳೆದುಕೊಂಡಳು.

"ಮಿಸ್ಟರ್ ನಿಸ್ಕಾನೆನ್, ನಿಮ್ಮನೇಲಿ ತೊಟ್ಟಿ ಇಲ್ಲ ಅಂತ ಯಾಕೆ ಹೇಳಲಿಲ್ಲ?"

"ತೊಟ್ಟಿಗೆ ಇಳೀತೀರಾ ಅಂತ ಕೇಳಿದ್ರಿ. ಇಲ್ಲ ಅಂದೆ."

"ಮೂರು ಸಲ ಕೇಳಿದೆ."

"ಮೂರು ಸಲಾನೂ ಇಲ್ಲ ಅಂದೆ ಮಿಸ್."

ಮುದುಕನ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುವುದು, ಕೇಳದ್ದನ್ನು ಹೇಳದಿರುವುದು ಅವನು ಬೆಳೆದ ಮನೆಯ ಸಭ್ಯತೆ. ಆ ಸಭ್ಯತೆಯನ್ನು ಆಸ್ಪತ್ರೆ ಮೂರು ಬಾರಿ ಹಟವೆಂದು ಬರೆದುಕೊಂಡಿತ್ತು.

ಆಗ ಲೋರ್ನಾ ಮೊದಲ ದಿನವೇ ಕೇಳಬೇಕಾಗಿದ್ದನ್ನು ಕೇಳಿದಳು. ಮನೆಯಲ್ಲಿ ಹೇಗೆ ಮೀಯುತ್ತೀರಿ? ಆರ್ವೊ, ಎರಡು ತಿಂಗಳಲ್ಲಿ ಒಟ್ಟು ನೂರು ಮಾತು ಆಡಿರದ ಆರ್ವೊ, ಅರ್ಧ ಗಂಟೆ ಮಾತಾಡಿದ. ಶನಿವಾರ ಎರಡು ಗಂಟೆಗೆ ಒಲೆ ಹಚ್ಚುವುದು. ಮೊದಲು ಬರ್ಚ್ ಮರದ ತೊಗಟೆ, ಆಮೇಲೆ ಸಣ್ಣ ಚಕ್ಕೆ, ಆಮೇಲೆ ದಿಮ್ಮಿ. ಸರೋವರದಿಂದ ನೀರು ತರುವುದು. ಹಲಗೆ ತೊಳೆಯುವುದು. ನಾಲ್ಕೂವರೆಗೆ ಒಳಗೆ ಹೋಗುವುದು, ಬೆವರುವುದು, ಹೊರಗೆ ಕೂತು ತಣಿಯುವುದು, ಮತ್ತೆ ಒಳಗೆ ಹೋಗಿ ಬೋಗುಣಿಯ ನೀರಿನಲ್ಲಿ ಸೋಪು ಹಚ್ಚಿ ತೊಳೆದುಕೊಳ್ಳುವುದು. ಲೋರ್ನಾ ಒಂದು ಖಾಲಿ ಹಾಳೆಯಲ್ಲಿ ಎಲ್ಲವನ್ನೂ ಬಿಡಿಸಿ ಬರೆದಳು. ಒಂದು ಕೆಲಸವನ್ನು ಅದರ ಸಣ್ಣಸಣ್ಣ ಚಲನೆಗಳಾಗಿ ಒಡೆದು ನೋಡುವುದು ಅವಳ ವಿದ್ಯೆಯ ಮೂಲ. ಒಡೆದಾಗ ಮೂವತ್ತೊಂದು ಹೆಜ್ಜೆಗಳಾದವು. ಅವುಗಳಲ್ಲಿ ಹತ್ತೊಂಬತ್ತನ್ನು ಅವನು ಇವತ್ತೇ ಮಾಡಬಲ್ಲ. ಎಂಟನ್ನು ಉಪಾಯ ಹೂಡಿದರೆ ಮಾಡಬಲ್ಲ. ಉಳಿದ ನಾಲ್ಕರ ಪಕ್ಕ ಅವಳು ಪೆನ್ಸಿಲ್‌ನಲ್ಲಿ ಪ್ರಶ್ನೆಯ ಗುರುತು ಹಾಕಿದಳು.

ವಿಭಾಗದ ಮುಖ್ಯಸ್ಥೆ ಮಿಸೆಸ್ ಪ್ರೌಸ್ ಆ ಹಾಳೆಯನ್ನು ಎರಡು ಬಾರಿ ಓದಿದರು. ಮೂವತ್ತು ವರ್ಷ ದುಡಿದ, ಬೆನ್ನು ಬಾಗದ ಹೆಂಗಸು, ಕೆಟ್ಟವರಲ್ಲ. ಪಾರ್ಶ್ವವಾಯುವಾದವನನ್ನು ಕೆಂಡದ ಪಕ್ಕ ಕೂರಿಸುತ್ತೀಯಾ ಎಂದು ಕೇಳಿದರು. ಫಾರಮ್ಮಿನಲ್ಲಿ ತೊಟ್ಟಿಗೊಂದು ಚೌಕವಿದೆ, ಶವರಿಗೊಂದು ಚೌಕವಿದೆ. ಇದನ್ನು ಎಲ್ಲಿ ತುಂಬುವುದು ಎಂದೂ ಕೇಳಿದರು.

"ಮೊದಲನೇದು ಸರಿಯಾದ ಪ್ರಶ್ನೆ ಮಿಸೆಸ್ ಪ್ರೌಸ್, ಅದಕ್ಕೆ ನಾನು ಉತ್ತರ ತರ್ತೀನಿ," ಎಂದಳು ಲೋರ್ನಾ. "ಎರಡನೇದಕ್ಕೋಸ್ಕರ ಅವರು ಮನೆ ಕಳ್ಕೊಬಾರದು."

ಮಿಸೆಸ್ ಪ್ರೌಸ್ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಡಾಕ್ಟರು ಒಪ್ಪಿದರೆ ಶನಿವಾರ ಅವನನ್ನು ಮನೆಗೆ ಕರೆದೊಯ್ದು ನೋಡಬಹುದು, ಆದರೆ ಅದು ನಿನ್ನ ರಜಾದಿನ ಎಂದರು. ಡಾಕ್ಟರು ಕರಾರಿನೊಂದಿಗೆ ಒಪ್ಪಿದರು: ಬಿಸಿ ಅರ್ಧದಷ್ಟೇ, ಒಮ್ಮೆಗೆ ಹತ್ತು ನಿಮಿಷ, ಮುಂಚೆಯೂ ಆಮೇಲೂ ರಕ್ತದೊತ್ತಡ ನೋಡಬೇಕು, ಒಬ್ಬನೇ ಇರಕೂಡದು, ಬಿಯರ್ ಮುಟ್ಟಕೂಡದು. ಕೊನೆಯ ಕರಾರು ಕೇಳಿ ಆರ್ವೊ ಕಿಟಕಿಯ ಕಡೆ ತಿರುಗಿದ.

"ಹಂಗಾದ್ರೆ ಅದು ಸೌನಾ ಅಲ್ಲ ಬಿಡಿ. ಬಿಸಿ ಕೋಣೆ," ಎಂದ.

ಶನಿವಾರ ಹನ್ನೆರಡಕ್ಕೆ ಲೋರ್ನಾಳ ಕಾರು ಸರೋವರದ ದಾರಿ ಹಿಡಿಯಿತು. ಮಂಜುಗಡ್ಡೆ ಕರಗಿ ವಾರವಾಗಿತ್ತು. ನೀರು ಕಪ್ಪಗೆ ಹೊಳೆಯುತ್ತಿತ್ತು. ಮನೆಯ ಮುಂದೆ ಹೆಲ್ಮಿ ಕಾದು ನಿಂತಿದ್ದಳು. ಕಾರಿನಿಂದಿಳಿದ ಆರ್ವೊ ಮನೆಯೊಳಗೆ ಹೋಗಲೇ ಇಲ್ಲ. ಊರುಗೋಲು ಊರುತ್ತ, ಇಳಿಜಾರಿನ ಕಾಲುದಾರಿಯಲ್ಲಿ ನೇರವಾಗಿ ನೀರಿನಂಚಿನ ಆ ಸಣ್ಣ ಮರದ ಕಟ್ಟಡದ ಕಡೆ ನಡೆದ. ಆಸ್ಪತ್ರೆಯ ನುಣುಪು ನೆಲದ ಮೇಲೆ ಎಡವುತ್ತಿದ್ದ ಕಾಲು ಬೇರು ಕಲ್ಲುಗಳ ಆ ದಾರಿಯಲ್ಲಿ ಒಮ್ಮೆಯೂ ಎಡವಲಿಲ್ಲ. ಲೋರ್ನಾ ಅವನ ಹಿಂದೆಯೇ, ಬೀಳದಂತೆ ಅವನ ಸೊಂಟಕ್ಕೆ ಕಟ್ಟಿದ್ದ ಪಟ್ಟಿಗೆ ಕೈ ತಾಗಿಸಿಯೂ ತಾಗಿಸದಂತೆ, ಇಳಿದಳು.

ಒಲೆ ಹಚ್ಚುವಾಗ ಅವಳು ಕೈಕಟ್ಟಿ ನಿಂತಳು. ಸಹಾಯ ಮಾಡದೆ ನಿಲ್ಲುವುದು ಆ ವೃತ್ತಿಯ ಅತ್ಯಂತ ಕಷ್ಟದ ಕೆಲಸ. ಆರ್ವೊ ಸ್ಟೂಲಿನ ಮೇಲೆ ಕೂತು, ತೊಗಟೆಯನ್ನು ಮಂಡಿಯ ನಡುವೆ ಸಿಕ್ಕಿಸಿ ಬಲಗೈಯಿಂದ ಸಿಗಿದ. ಚಕ್ಕೆ ಜೋಡಿಸಿದ. ಕಡ್ಡಿ ಗೀರಲು ಪೆಟ್ಟಿಗೆಯನ್ನು ಯಾರು ಹಿಡಿಯಬೇಕು? ಅದು ಅವಳ ಹಾಳೆಯಲ್ಲಿ ಪ್ರಶ್ನೆಯ ಗುರುತು ಬಿದ್ದ ಹೆಜ್ಜೆ. ಅವನು ಮಂದವಾದ ಎಡಗೈಯನ್ನು ಬಲಗೈಯಿಂದ ಎತ್ತಿ ಪೆಟ್ಟಿಗೆಯ ಮೇಲಿಟ್ಟು, ಅದರ ಭಾರದಿಂದಲೇ ಪೆಟ್ಟಿಗೆಯನ್ನು ತೊಡೆಗೆ ಒತ್ತಿ ಹಿಡಿದು ಕಡ್ಡಿ ಗೀರಿದ. ಎರಡು ತಿಂಗಳು ಲೋರ್ನಾ ಆ ಕೈಗೆ ಪ್ಲಾಸ್ಟಿಕ್ ಲೋಟಗಳನ್ನು ಒಂದರ ಮೇಲೊಂದು ಪೇರಿಸಲು ಕೊಟ್ಟಿದ್ದಳು. ಕೈ ಪ್ರತಿ ಸಲವೂ ನಿದ್ದೆ ಹೋಗಿತ್ತು. ಇಲ್ಲಿ ಅದಕ್ಕೊಂದು ಕೆಲಸ ಸಿಕ್ಕಿತ್ತು.

ನೀರು ಅರ್ಧ ಬಕೆಟ್ಟಿನಂತೆ ಆರು ಸಲ ಬಂತು. ಮೊದಲು ಎರಡೂ ಕೈಯಲ್ಲಿ ತುಂಬಿದ ಬಕೆಟ್ಟು ಹಿಡಿದು ಎರಡೇ ಸಲಕ್ಕೆ ಮುಗಿಸುತ್ತಿದ್ದನೆಂದು ಹೆಲ್ಮಿ ಹೇಳಿದಳು. "ಈಗ ಮುದುಕರ ಥರ ತರ್ತಾ ಇದಾನೆ," ಎಂದು ಅವನಿಗೆ ಕೇಳುವಂತೆ ಸೇರಿಸಿದಳು. ಆರ್ವೊ ನಿಂತು ಉಸಿರೆಳೆದುಕೊಂಡು, ನೀನು ಇಪ್ಪತ್ತು ವರ್ಷದಿಂದ ಹಾಗೇ ತರುತ್ತಿದ್ದೀಯಲ್ಲ ಎಂದ.

ನಾಲ್ಕೂವರೆಗೆ ರಕ್ತದೊತ್ತಡ ನೋಡಿಯಾಯಿತು. ಲೋರ್ನಾಳ ಮುಂದೆ ಚಡ್ಡಿ ಹಾಕಿಕೊಂಡು ಒಳಗೆ ಹೋಗಬೇಕೆಂಬುದಕ್ಕೆ ಅವನು ಗೊಣಗಿದ. ಚರ್ಚಿನೊಳಗೆ ಟೋಪಿ ಹಾಕಿಕೊಂಡು ಕೂತ ಹಾಗಾಯಿತು ಎಂದ. ಒಳಗೆ ಎರಡು ಗೋಡೆಗಳಿಗೆ ಎದುರುಬದುರಾಗಿ ಹಲಗೆಗಳು, ನಡುವೆ ತುದಿಯಲ್ಲಿ ಕಲ್ಲು ಪೇರಿಸಿದ ಕಬ್ಬಿಣದ ಒಲೆ. ಆರ್ವೊ ಬಾಗಿಲ ಚೌಕಟ್ಟನ್ನು ಹಿಡಿದು ಹೊಸ್ತಿಲು ದಾಟಿ, ಕತ್ತಲಲ್ಲೂ ತಪ್ಪದ ಗುರಿಯಿಂದ ತನ್ನ ಜಾಗಕ್ಕೆ ಹೋಗಿ, ಲೋರ್ನಾ ಹೇಳಿದ್ದರಿಂದ ಮೇಲಿನ ಹಲಗೆ ಬಿಟ್ಟು ಕೆಳಗಿನದರಲ್ಲಿ ಕೂತ. ಲೋರ್ನಾ, ಹೆಲ್ಮಿ ಒಳಗೆ ಬಾಗಿಲ ಬಳಿ ಉಳಿದರು. ಅವನು ಬಕೆಟ್ಟಿನಿಂದ ಸೌಟಿನಲ್ಲಿ ನೀರು ತುಂಬಿ ಕಲ್ಲಿಗೆ ಎರಚಿದ. ಕಲ್ಲು ಸೀತ್ಕರಿಸಿತು, ಆವಿ ಎದ್ದು ಮೂವರ ಮೇಲೂ ಇಳಿಯಿತು. ಅವನ ಭುಜಗಳು ಕೆಳಗಿಳಿದವು. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಆ ಮುಖ ಯಾರಿಗೂ ಏನನ್ನೂ ಸಾಬೀತುಪಡಿಸಬೇಕಾಗಿಲ್ಲದ ಮುಖದಂತೆ ಕಂಡಿತು.

ಎರಡನೆಯ ಸೌಟು ಎರಚಲು ಅವನು ಮುಂದಕ್ಕೆ ಬಾಗಿದ. ಆಗ ಲೋರ್ನಾ ಕಂಡಳು: ಅವನ ಎಡಮೊಣಕೈ ತೊಡೆಯಿಂದ ಜಾರಿ ಒಲೆಯ ಕಬ್ಬಿಣದ ಕಡೆಗೆ ಹೊರಟಿತ್ತು, ಯಾರದೋ ಕೈ ಎಂಬಂತೆ. ಅವನ ಕಣ್ಣು ಸೌಟಿನ ಮೇಲಿತ್ತು. ಅವಳು ಎರಡು ಹೆಜ್ಜೆಯಲ್ಲಿ ಹಾರಿ ಆ ತೋಳನ್ನು ಹಿಡಿದಳು. ಕಬ್ಬಿಣಕ್ಕೂ ಚರ್ಮಕ್ಕೂ ನಡುವೆ ಉಳಿದದ್ದು ಒಂದು ಬೆರಳಿನ ಅಗಲ.

 ಆರ್ವೊ ಅವಳು ಹಿಡಿದ ತೋಳನ್ನು ನೋಡಿದ. ಆಮೇಲೆ ಒಲೆಯನ್ನು ನೋಡಿದ. ಆ ಒಲೆಯನ್ನು ಬೆಸೆದವನು ಅವನೇ. ನಲವತ್ತು ವರ್ಷ ಅದರ ಪಕ್ಕ ಕೂತು ಒಂದು ಸಲವೂ ಸುಟ್ಟುಕೊಂಡಿರಲಿಲ್ಲ.

"ಕಾಣಲೇ ಇಲ್ಲ," ಎಂದ ಮೆಲ್ಲಗೆ. "ಅಲ್ಲಿತ್ತು. ನನ್ನ ಕೈ. ಕಾಣಲೇ ಇಲ್ಲ."

ಲೋರ್ನಾಳ ನಾಲಿಗೆಯ ತುದಿಗೆ ಪರಿಹಾರ ಬಂದಿತ್ತು. ಎದುರಿನ ಹಲಗೆಯಲ್ಲಿ ಕೂತರೆ ಒಲೆ ಅವನ ಬಲಕ್ಕೆ ಬರುತ್ತದೆ. ಬಲಬದಿಯನ್ನು ಅವನ ಕಣ್ಣು ಕಾಯುತ್ತದೆ. ಅಷ್ಟೇ ಸಾಕು. ಆದರೆ ಎದುರಿನ ಹಲಗೆಯ ಕಡೆ ನೋಡಿದ ಹೆಲ್ಮಿಯ ಮುಖ ಕಂಡು ಅವಳು ತಡೆದಳು. ಅಲ್ಲಿ ಮರ ಒಂದು ಕಡೆ ಸವೆದು ನುಣುಪಾಗಿತ್ತು. ಅದು ಆಯ್ಲಿಯ ಜಾಗ. ಆರು ವರ್ಷದಿಂದ ಅಲ್ಲಿ ಯಾರೂ ಕೂತಿರಲಿಲ್ಲ. ಹೆಲ್ಮಿ ಕೂಡ ಬಾಗಿಲ ಬಳಿಯ ಸ್ಟೂಲಿನಲ್ಲೇ ಕೂರುತ್ತಿದ್ದಳು. ಇನ್ನೊಬ್ಬರ ಬದುಕಿನ ಇಂಥ ಜಾಗಗಳಿಗೆ ಕೈ ತೋರಿಸಿ ‘ಅಲ್ಲಿ ಕೂರಿ’ ಎನ್ನುವ ಹಕ್ಕು ಯಾವ ಪದವಿಯಿಂದಲೂ ಬರುವುದಿಲ್ಲ. ಲೋರ್ನಾ ಅವನ ತೋಳನ್ನು ತೊಡೆಯ ಮೇಲಿಟ್ಟು, ಕಾಯುತ್ತ ನಿಂತಳು.

ಆರ್ವೊ ಒಲೆಯಿಂದ ಕಣ್ಣೆತ್ತಿ ಎದುರಿನ ಹಲಗೆಯನ್ನು ನೋಡಿದ. ಆಮೇಲೆ ಗೋಡೆಯ ಹಿಡಿಕೆಗೆ ಕೈ ಹಾಕಿ ಎದ್ದ. ಮೂರು ಹೆಜ್ಜೆ. ತಿರುಗಿ, ಸವೆದ ಮರದ ಮೇಲೆ ಕೈಯಾಡಿಸಿ, ನಿಧಾನವಾಗಿ ಕೂತ. ಒಲೆ ಈಗ ಅವನ ಬಲಕ್ಕಿತ್ತು.

"ಇಲ್ಲಿಂದ ಕಿಟಕಿ ಕಾಣ್ಸುತ್ತೆ," ಎಂದ. "ಅದಕ್ಕೇ ಅವಳು ಯಾವತ್ತೂ ಜಾಗ ಬಿಟ್ಟುಕೊಡ್ತಿರಲಿಲ್ಲ."

"ಹೇಳಿದ್ದಳಲ್ಲ ನಿಂಗೆ," ಎಂದಳು ಹೆಲ್ಮಿ, ಮುಖ ಒರೆಸಿಕೊಳ್ಳುತ್ತ. ಅದು ಬೆವರೋ ಏನೋ ಆವಿಯಲ್ಲಿ ತಿಳಿಯುವಂತಿರಲಿಲ್ಲ.

ಉಳಿದ ಹೆಜ್ಜೆಗಳು ಒಂದರ ಹಿಂದೊಂದು ಸಾಗಿದವು. ಹೊರಗೆ ಕೂತು ತಣಿದ. ಮತ್ತೆ ಒಳಗೆ ಹೋಗಿ, ಸೋಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎಡಗೈಗೆ ಸಿಕ್ಕಿಸಿ, ಅದಕ್ಕೆ ಬಲತೋಳನ್ನು ಉಜ್ಜಿಕೊಂಡ. ಉದ್ದ ಹಿಡಿಯ ಬ್ರಷ್ಷಿನಿಂದ ಬೆನ್ನು. ಬೋಗುಣಿಯಿಂದ ತಲೆಗೆ ನೀರು ಹುಯ್ದುಕೊಂಡ. ಎಡಪಾದ ತೊಳೆಯಲು ಮರೆತ. ಆಮೇಲೆ ತಾನೇ ತಲೆ ತಿರುಗಿಸಿ, ಎಡಗಡೆ ಏನಾದರೂ ಉಳಿಯಿತೇ ಎಂದು ಹುಡುಕಿ, ಪಾದ ಕಂಡು, ತೊಳೆದ. ಹಾಗೆ ಹುಡುಕಿದ್ದು ಅದೇ ಮೊದಲು. ಲೋರ್ನಾ ಆ ಹೆಜ್ಜೆಯ ಪಕ್ಕ ಗಂಟೆ ನಿಮಿಷಗಳನ್ನು ಬರೆದುಕೊಂಡಳು.

ಮಂಗಳವಾರದ ಸಭೆಗಳು ರೋಗಿಯಿಲ್ಲದೆ ನಡೆಯುವುದು ಆಸ್ಪತ್ರೆಯ ರೂಢಿ. ಯಾರ ಉಳಿದ ಆಯುಷ್ಯದ ತೀರ್ಮಾನವೋ ಅವರು ಮಾತ್ರ ಕಾರಿಡಾರಿನಲ್ಲಿ ಕೂತಿರುತ್ತಾರೆ, ಬಾಗಿಲ ಗಾಜಿನಲ್ಲಿ ತಲೆಗಳು ಅಲ್ಲಾಡುವುದನ್ನು ನೋಡುತ್ತ. ಇದನ್ನು ವ್ಯವಸ್ಥೆ ಎಂದು ಕರೆದು ನೆಮ್ಮದಿಯಾಗಿರುವವರಿಗೆ, ತಮ್ಮ ಮನೆಯ ಬೀಗದ ಕೈ ಇನ್ನೊಬ್ಬರ ಮೇಜಿನ ಮೇಲಿದ್ದರೆ ಹೇಗಿರುತ್ತದೆಂದು ಒಮ್ಮೆ ತೋರಿಸಬೇಕು. ಲೋರ್ನಾ ಅಂದು ಬಾಗಿಲು ತೆರೆದು, ಆರ್ವೊನನ್ನು ಒಳಗೆ ಕರೆದು, ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಮಿಸೆಸ್ ಪ್ರೌಸ್ ಹುಬ್ಬೇರಿಸಿದರು.

ಫೈಲಿನಲ್ಲಿ ಒಮ್ಮೆ ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಕಾಣುತ್ತಿರಬೇಕು, ಪಕ್ಕದಲ್ಲಿ ತಿದ್ದುಪಡಿಯನ್ನೂ ಹೆಸರನ್ನೂ ತಾರೀಖನ್ನೂ ಬರೆಯಬೇಕು. ಲೋರ್ನಾ ತಾನು ಬರೆದ ತಿದ್ದುಪಡಿಗಳನ್ನು ಗಟ್ಟಿಯಾಗಿ ಓದಿದಳು. ಮನೆಯಲ್ಲಿ ತೊಟ್ಟಿಯಿದೆ ಎಂಬ ಗುರುತು ತಪ್ಪು. ರೋಗಿಯನ್ನು ಕೇಳದೆ ನಾನು ಹಾಕಿದ್ದು. ರೋಗಿ ಸ್ನಾನ ನಿರಾಕರಿಸಿದ್ದಾನೆ ಎಂಬುದು ತಪ್ಪು, ನಿರಾಕರಿಸಿದ್ದು ತೊಟ್ಟಿಯನ್ನು.  ಹನ್ನೊಂದು ವರ್ಷದಲ್ಲಿ ಅವಳ ಹೆಸರಿನ ಪಕ್ಕ ಇಂಥ ಗೆರೆ ಬಿದ್ದಿರಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಸುಲಭವಾಗುತ್ತಿತ್ತು. ಅವಳು ಮೊಣಕೈಯ ವಿಷಯವನ್ನೂ ಓದಿದಳು, ಒಂದು ಬೆರಳಿನ ಅಗಲವನ್ನೂ ಬಿಡದೆ.

ಮಿಸೆಸ್ ಪ್ರೌಸ್ ಪೆನ್ನು ಕೆಳಗಿಟ್ಟರು. "ನೀನೇ ಹೇಳ್ತಾ ಇದೀಯ, ಸುಟ್ಟುಕೊಳ್ತಿದ್ರು ಅಂತ. ನೀನಿಲ್ಲದಾಗ?"

 ಆ ಪ್ರಶ್ನೆಗೆ ಉತ್ತರಿಸಬೇಕಾದವಳು ಲೋರ್ನಾ ಅಲ್ಲ. ಅವಳು ಆರ್ವೊನ ಕಡೆ ತಿರುಗಿದಳು. ಇಡೀ ಸಭೆ ತಿರುಗಿತು.

ಆರ್ವೊ ಎಡಗೈಯನ್ನು ಬಲಗೈಯಿಂದ ಎತ್ತಿ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟ.

"ಈ ಕೈ ನನ್ನ ಮಾತು ಕೇಳಲ್ಲ," ಎಂದ. "ಇದು ಎಲ್ಲಿದೆ ಅಂತ ಎಷ್ಟೋ ಸಲ ನಂಗೆ ಗೊತ್ತಾಗಲ್ಲ. ಬಾಗಿಲು ಕಿರಿದು ಅಂತ ಹೇಳ್ತಿದ್ದೆ. ಬಾಗಿಲು ಸರಿಯಾಗೇ ಇದೆ. ಒಲೆ ಈಗ ನನ್ನ ಬಲಕ್ಕಿರುತ್ತೆ. ಸುತ್ತ ಒಂದು ಮರದ ಕಟಕಟೆ ಕಟ್ತೀನಿ, ಹೆಲ್ಮಿ ಮೊಳೆ ಹಿಡ್ಕೊಳ್ತಾಳೆ. ಅವಳು ಬಾಗಿಲ ಹತ್ರ ಕೂರದೆ ಇದ್ರೆ ಆ ಶನಿವಾರ ಸೌನಾ ಇಲ್ಲ." ಆಮೇಲೆ, "ಅವಳು ಮಾತು ನಿಲ್ಸಲ್ಲ. ಆದ್ರೂ ಪರವಾಗಿಲ್ಲ," ಎಂದ.

ಡಾಕ್ಟರು ನಕ್ಕುಬಿಟ್ಟರು. ಮಿಸೆಸ್ ಪ್ರೌಸ್ ನಗಲಿಲ್ಲ. ಅವರು ಫೈಲನ್ನು ತಮ್ಮತ್ತ ಎಳೆದುಕೊಂಡು, ಲೋರ್ನಾ ಗುರುವಾರ ಬರೆದಿದ್ದ ವಾಕ್ಯವನ್ನು, ಸ್ಥಿತಿಯ ಅರಿವಿಲ್ಲ ಎಂಬುದನ್ನು ಓದಿದರು. ಇದಕ್ಕೂ ಒಂದು ಗೆರೆ ಬೇಕಲ್ಲವೇ ಎಂದು ಕೇಳಿದರು. ಲೋರ್ನಾ ಗೆರೆ ಎಳೆದು, ರುಜು ಹಾಕಿದಳು. ಆಮೇಲೆ ಮಿಸೆಸ್ ಪ್ರೌಸ್, ತೊಟ್ಟಿ ಮತ್ತು ಶವರಿನ ಚೌಕಗಳ ಕೆಳಗೆ, ಅಂಚಿನ ಖಾಲಿ ಜಾಗದಲ್ಲಿ, ತಮ್ಮ ಅಳತೆ ಹಿಡಿದ ಅಕ್ಷರಗಳಲ್ಲಿ ಸೌನಾ ಎಂದು ಬರೆದು, ಅದರ ಪಕ್ಕ ಒಂದು ಚೌಕ ಬಿಡಿಸಿ, ಅದರೊಳಗೆ ಗುರುತು ಹಾಕಿದರು. ಆರು ವಾರ ಮನೆಯಲ್ಲಿ ನೋಡೋಣ, ಆಮೇಲೆ ಮತ್ತೆ ಪರಿಶೀಲನೆ ಎಂದರು. ಲೋರ್ನಾಳನ್ನು ಬಾಗಿಲ ಬಳಿ ತಡೆದು, ಕೇಳದೆ ಗುರುತು ಹಾಕಿದ್ದರ ಬಗ್ಗೆ ಪ್ರತ್ಯೇಕವಾಗಿ ಮಾತಾಡಬೇಕು ಎಂದೂ ಹೇಳಿದರು. ಅದು ನ್ಯಾಯವೇ ಆಗಿತ್ತು. ಲೋರ್ನಾ ಒಪ್ಪಿದಳು.

ಆರು ವಾರ ಕಳೆದು ಜೂನ್ ಕೊನೆಯಲ್ಲಿ ಅವಳು ಪರಿಶೀಲನೆಗೆಂದು ಹೋದಾಗ ಆರ್ವೊ ಹಿತ್ತಿಲಿನಲ್ಲಿ, ಬರ್ಚ್ ಮರದ ನೆರಳಿನಲ್ಲಿ ಕೂತಿದ್ದ. ಒಲೆಯ ಸುತ್ತಿನ ಕಟಕಟೆ ತಯಾರಾಗಿತ್ತು; ಒಂದು ಕಡೆ ಸೊಟ್ಟಗಾಗಿದೆ, ಅದು ಹೆಲ್ಮಿಯ ಮೊಳೆ ಎಂದ. ಎಡತೋಳಿನಲ್ಲಿ ಸುಟ್ಟ ಗಾಯ ಒಂದೂ ಇರಲಿಲ್ಲ. ಅವನ ಪಕ್ಕದಲ್ಲಿ ಎಳೆಯ ಎಲೆಗಳ ಬರ್ಚ್ ರೆಂಬೆಗಳ ರಾಶಿಯಿತ್ತು. ಆವಿಯಲ್ಲಿ ಮೈಗೆ ಬಡಿದುಕೊಳ್ಳಲು ಅವರ ಜನ ನಡುಬೇಸಿಗೆಯಲ್ಲಿ ಕಟ್ಟಿಟ್ಟುಕೊಳ್ಳುವ ಸೊಪ್ಪಿನ ಕಟ್ಟುಗಳು. ಎರಡೂ ಕೈ ಬೇಕಾದ ಕೆಲಸ. ಇದು ಅವಳ ಯಾವ ಹಾಳೆಯಲ್ಲೂ ಇರಲಿಲ್ಲ, ಅವಳು ಕಲಿಸಿರಲಿಲ್ಲ. ಅವನು ರೆಂಬೆಗಳ ಬುಡವನ್ನು ಎಡಗೈಯ ಮುಷ್ಟಿಗೆ ತುರುಕಿ, ಆ ಮುಷ್ಟಿಯನ್ನು ಮಂಡಿಗಳ ನಡುವೆ ಅದುಮಿ, ನಾರಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಬಲಗೈಯಿಂದ ಸುತ್ತುತ್ತಿದ್ದ. ಮುಷ್ಟಿ ಬಿಗಿಯಾಗಿ ಹಿಡಿದಿತ್ತು. ಹಿಡಿಯೆಂದು ಯಾರೂ ಅದಕ್ಕೆ ಹೇಳುತ್ತಿರಲಿಲ್ಲ.

ಲೋರ್ನಾ ಫಾರಂ ತೆರೆಯದೆ ಅವನೆದುರು ಹುಲ್ಲಿನ ಮೇಲೆ ಕೂತು, ತನಗೂ ಹೇಳಿಕೊಡಬಹುದೇ ಎಂದು ಕೇಳಿದಳು. ಅವನು ಒಂದು ಹಿಡಿ ರೆಂಬೆ ಆರಿಸಿ, ಎಲೆಯ ಹೊಳಪಿನ ಮೈ ಯಾವ ಕಡೆ ಬರಬೇಕೆಂದು ತೋರಿಸಿ ಕೊಟ್ಟ. ಅವಳು ಎರಡೂ ಗಟ್ಟಿ ಕೈಗಳಿಂದ ಕಟ್ಟಿದಳು. ಎತ್ತಿ ಹಿಡಿದಾಗ ನಡುವಿನ ಮೂರು ರೆಂಬೆ ಜಾರಿ ಮಡಿಲಿಗೆ ಬಿದ್ದವು.

ಆರ್ವೊ ಅವುಗಳನ್ನು ನೋಡಿದ. ಬಾಯಲ್ಲಿದ್ದ ನಾರು ತೆಗೆದು, ಎಂದೂ ಇಲ್ಲದಂತೆ ಅವಳನ್ನು ಹೆಸರು ಹಿಡಿದು ಕರೆದ.

"ಬಿಚ್ಚು ಲೋರ್ನಾ. ಮೊದಲಿಂದ ಕಟ್ಟು. ಅವಸರ ಇಲ್ಲ, ನಾನೆಲ್ಲೂ ಹೋಗಲ್ಲ."